ಯೊಕೊಹಾಮಾನ ಉಲ್ಟಾ ಸುತ್ತಿ: ತೋಟದಿಂದ ಶುರು, ಬಂದರಲ್ಲಿ ರಾತ್ರಿ, ಒಂದು ದಿನದ ಪ್ಲ್ಯಾನ್

ಟೋಕಿಯೋಗೆ ಬರೋ ನಮ್ಮವರು ಪಕ್ಕದ ಬಂದರು ಊರು ಯೊಕೊಹಾಮಾಗೆ ಕೊಡೋದು ಅರ್ಧ ದಿನ ಅಷ್ಟೇ. ಮಧ್ಯಾಹ್ನ ಊಟ ಮುಗಿಸ್ಕೊಂಡು ಟ್ರೈನ್ ಹತ್ತೋದು, ಸಕುರಾಗಿಚೋ ಸ್ಟೇಷನ್ನಲ್ಲಿ ಇಳಿಯೋದು, ಎದುರಿಗೆ ಕಾಣೋ ಜೈಂಟ್ ವೀಲ್ ಮುಂದೆ ಫೋಟೋ, ಮಾಲ್ ಒಳಗೆ ಒಂದೆರಡು ಗಂಟೆ, ಆಮೇಲೆ ಕತ್ತಲಾಗೋ ಹೊತ್ತಿಗೆ ಚೈನಾಟೌನ್‌ಗೆ ಕಾಲೆಳ್ಕೊಂಡು ಹೋಗಿ ಏನೋ ಒಂದು ತಿಂದು ವಾಪಸ್. ಅಷ್ಟೊತ್ತಿಗೆ ಗುಡ್ಡದ ಮೇಲಿರೋ ಹಳೇ ಮನೆಗಳು, ಸಾಂಕೆಯೆನ್ ತೋಟ ಎಲ್ಲಾ ಬಾಗಿಲು ಹಾಕಿರುತ್ತೆ, ಯಾಕಂದ್ರೆ ಅವೆಲ್ಲ ಸಂಜೆ 5ಕ್ಕೆ ಕ್ಲೋಸ್. ಊರಿಗೆ ಹೋದ್ಮೇಲೆ ಯೊಕೊಹಾಮಾದಲ್ಲಿ ಅಂಥಾದ್ದೇನಿಲ್ಲ ಮಾಲ್ ಅಷ್ಟೇ ಅಂತ ಹೇಳ್ತಾರೆ.

ಇದಕ್ಕೆ ಸುಲಭವಾದ ದಾರಿ ಅಂದ್ರೆ ಊರನ್ನ ಉಲ್ಟಾ ನೋಡೋದು. ಬೆಳಿಗ್ಗೆ ದೂರದ ತುದಿಯಿಂದ ಶುರು ಮಾಡಿ, ಬೇಗ ಮುಚ್ಚೋ ಜಾಗಗಳನ್ನ ಮೊದ್ಲು ಮುಗಿಸಿ, ಸೂರ್ಯ ಮುಳುಗೋ ಟೈಮಿಗೆ ಬಂದರಿಗೆ ಬಂದು, ಕತ್ತಲಾದ್ಮೇಲೆ ಲೈಟ್ ನೋಡ್ಕೊಂಡು ಸಕುರಾಗಿಚೋ ಕಡೆಗೆ ನಡ್ಕೊಂಡು ಹೋಗೋದು. ಜೈಂಟ್ ವೀಲು ಮಾಲು ಎಲ್ಲಾ ರಾತ್ರಿನೂ ಇರುತ್ತೆ, ಎಲ್ಲೂ ಓಡೋಗಲ್ಲ. ಕೆಳಗೆ ಬರೆದಿರೋದು ಅದೇ ಆರ್ಡರಲ್ಲಿ.

ಹೊರಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ಮೊದಲನೇದು ದಿನ ಯಾವುದು ಅಂತ. ಸೋಮವಾರ ಬೇಡ. ಹಡಗಿನ ಮ್ಯೂಸಿಯಂ, ಸಿಲ್ಕ್ ಮ್ಯೂಸಿಯಂ ಎಲ್ಲಾ ಸಾಮಾನ್ಯವಾಗಿ ಸೋಮವಾರ ರಜಾ, ಸೋಮವಾರ ಸರ್ಕಾರಿ ರಜೆ ಬಂದ್ರೆ ಅವತ್ತು ತೆಗೆದು ಮಾರನೇ ದಿನ ಮುಚ್ತಾರೆ. ಕಪ್ ನೂಡಲ್ಸ್ ಮ್ಯೂಸಿಯಂ ಮಂಗಳವಾರ ರಜಾ. ಶನಿವಾರ ಭಾನುವಾರ ಚೈನಾಟೌನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಹಾಗಾಗಿ ಬುಧವಾರದಿಂದ ಶುಕ್ರವಾರದ ಒಳಗೆ ಹೋದ್ರೆ ಆರಾಮು.

ಎರಡನೇದು ಸ್ಟೇಷನ್ ಹೆಸರು. ಶಿಂಕಾನ್ಸೆನ್ ಬುಲೆಟ್ ಟ್ರೈನ್ ನಿಲ್ಲೋದು ಶಿನ್-ಯೊಕೊಹಾಮಾದಲ್ಲಿ, ಅದು ಬೇರೆ, ಯೊಕೊಹಾಮಾ ಸ್ಟೇಷನ್ ಬೇರೆ. ಮೆಜೆಸ್ಟಿಕ್‌ಗೆ ಅಂತ ಹೊರಟು ಯಶವಂತಪುರದಲ್ಲಿ ಇಳಿದಂಗೆ ಆಗುತ್ತೆ. ಬಂದರಿಗೂ ಶಿನ್-ಯೊಕೊಹಾಮಾಗೂ ಸಂಬಂಧ ಇಲ್ಲ, ಅಲ್ಲಿ ಇಳಿದ್ರೆ ಮತ್ತೆ ಲೋಕಲ್ ಟ್ರೈನೋ ಸಬ್‌ವೇನೋ ಹಿಡಿಬೇಕು. ಕ್ಯೋಟೋ, ಓಸಾಕಾ ಕಡೆಯಿಂದ ಬರೋರಿಗೆ ಮಾತ್ರ ಶಿನ್-ಯೊಕೊಹಾಮಾ ಬೇಕು. ಟೋಕಿಯೋದಿಂದ ಬರೋಕೆ ಬುಲೆಟ್ ಟ್ರೈನ್ ದುಡ್ಡು ದಂಡ. ಟೋಕಿಯೋ ಸ್ಟೇಷನ್ನಿಂದ ಜೆಆರ್ ತೊಕಾಯ್ದೋ ಲೈನಲ್ಲಿ ಅರ್ಧ ಗಂಟೆ ಒಳಗೆ ಯೊಕೊಹಾಮಾ. ಶಿಬುಯಾ ಕಡೆ ಉಳ್ಕೊಂಡಿದ್ರೆ ತೊಯೋಕೊ ಲೈನ್ ಇನ್ನೂ ಸುಲಭ, ಅದು ಯೊಕೊಹಾಮಾ ದಾಟಿ ಮಿನಾತೊಮಿರಾಯ್ ಲೈನ್ ಆಗಿ ಹಾಗೇ ಮುಂದೆ ಹೋಗುತ್ತೆ, ಕೊನೇ ಸ್ಟಾಪ್ ಮೊತೊಮಾಚಿ-ಚೂಕಾಗಾಯ್, ಚೈನಾಟೌನ್ ಪಕ್ಕದಲ್ಲೇ, ಒಟ್ಟು ಐನೂರು ಚಿಲ್ಲರೆ ಯೆನ್. ಹನೇಡಾ ಏರ್‌ಪೋರ್ಟಿಂದ ಕೇಕ್ಯೂ ಲೈನಲ್ಲಿ ಅರ್ಧ ಗಂಟೆ ಆಸುಪಾಸು. ಬೆಂಗಳೂರಿನ ಡೈರೆಕ್ಟ್ ಫ್ಲೈಟ್ ಇಳಿಯೋದು ನರಿಟಾದಲ್ಲಿ, ಅಲ್ಲಿಂದ ನರಿಟಾ ಎಕ್ಸ್‌ಪ್ರೆಸ್ಸಲ್ಲಿ ಸುಮಾರು ಒಂದೂವರೆ ಗಂಟೆ, ಹಾಗಾಗಿ ಇಳಿದ ದಿನವೇ ಯೊಕೊಹಾಮಾ ಅನ್ನೋ ಹುಚ್ಚು ಬೇಡ.

ಸುಯಿಕಾ ಅಥವಾ ಪಾಸ್ಮೋ ಅನ್ನೋ ಪ್ರೀಪೇಯ್ಡ್ ಕಾರ್ಡ್ ಒಂದಿದ್ರೆ ಟ್ರೈನು ಬಸ್ಸು ಎರಡೂ ನಡೆಯುತ್ತೆ. ಬಂದರಿನ ಸುತ್ತಮುತ್ತಲಿನ ಸಿಟಿ ಬಸ್ಸು ಮತ್ತೆ ಸಬ್‌ವೇಗೆ ಮಿನಾತೊ ಬುರಾರಿ ಅಂತ ಒಂದು ದಿನದ ಪಾಸ್ ಸಿಗುತ್ತೆ, 500 ಯೆನ್ ಆಸುಪಾಸು, ಮೂರು ಸಲ ಬಸ್ ಹತ್ತಿದ್ರೆ ಲೆಕ್ಕ ಸರಿಹೋಗುತ್ತೆ. ಆದ್ರೆ ಆ ಪಾಸು ಮಿನಾತೊಮಿರಾಯ್ ಟ್ರೈನಿಗೂ ಜೆಆರ್‌ಗೂ ನಡೆಯಲ್ಲ, ಸಾಂಕೆಯೆನ್ ತನಕ ಕವರ್ ಆಗುತ್ತಾ ಅಂತ ತಗೊಳೋವಾಗ್ಲೇ ಕೌಂಟರಲ್ಲಿ ಕೇಳ್ಬಿಡಿ.

ಇನ್ನೊಂದು, ಯೂಟ್ಯೂಬಲ್ಲಿ ಹಳೇ ವಿಡಿಯೋ ನೋಡ್ಕೊಂಡು ಓಡಾಡೋ ದೊಡ್ಡ ಗುಂಡಮ್ ರೋಬೋ ನೋಡ್ಬೇಕು ಅಂತ ಬರೋರು ಇನ್ನೂ ಇದಾರೆ. ಅದು 2024ರ ಮಾರ್ಚ್ ಕೊನೆಗೇ ಮುಗೀತು, ಈಗಿಲ್ಲ. ಲ್ಯಾಂಡ್‌ಮಾರ್ಕ್ ಟವರ್ ಮೇಲಿನ ಸ್ಕೈ ಗಾರ್ಡನ್ ಪ್ಲ್ಯಾನಲ್ಲಿದ್ರೆ ಅದು ತೆಗೆದಿದೆಯಾ ಇಲ್ವಾ ಅಂತ ಅವರ ಸೈಟಲ್ಲೇ ನೋಡ್ಕೊಂಡು ಹೊರಡಿ.

ಬೆಳಿಗ್ಗೆ: ಸಾಂಕೆಯೆನ್

ಯೊಕೊಹಾಮಾ ಸ್ಟೇಷನ್ ಪೂರ್ವ ಭಾಗದ ಬಸ್ ಸ್ಟ್ಯಾಂಡಿಂದ, ಇಲ್ಲಾಂದ್ರೆ ಸಕುರಾಗಿಚೋ ಸ್ಟೇಷನ್ ಮುಂದಿಂದ ಸಿಟಿ ಬಸ್ 8ನೇ ನಂಬರ್ ಹತ್ತಿ. ಇಲ್ಲಿ ಸಿಟಿ ಬಸ್ಸಿಗೆ ಮುಂದಿನ ಬಾಗಿಲಲ್ಲಿ ಹತ್ತಿ, ಹತ್ತೋವಾಗ್ಲೇ ಕಾರ್ಡ್ ಟಚ್ ಮಾಡಿ, ಹಿಂದೆ ಇಳಿಯೋದು. ಸಾಂಕೆಯೆನ್ ಇರಿಗುಚಿ ಅನ್ನೋ ಸ್ಟಾಪಲ್ಲಿ ಇಳಿದು ಐದು ನಿಮಿಷ ನಡೆದ್ರೆ ಗೇಟು. 9 ಗಂಟೆಗೆ ತೆಗಿತಾರೆ, ಆ ಹೊತ್ತಿಗೆ ಹೋದ್ರೆ ಟೂರ್ ಬಸ್ಸಿನ ಜನ ಇರಲ್ಲ. ಟಿಕೆಟ್ ಸಾವಿರ ಯೆನ್ ಒಳಗೆ.

ಈ ತೋಟ ಮಾಡ್ಸಿದ್ದು ಹಾರಾ ಸಾಂಕೇ ಅನ್ನೋ ರೇಷ್ಮೆ ವ್ಯಾಪಾರಿ. 1906ರಲ್ಲೇ ಹೊರಗಿನ ತೋಟವನ್ನ ಊರ ಜನಕ್ಕೆ ತೆಗೆದುಕೊಟ್ಟ. ನಿಜವಾದ ಹೆಸರು ಹಾರಾ ತೊಮಿತಾರೊ, ತೊಮಿಯೋಕಾದ ಪ್ರಸಿದ್ಧ ರೇಷ್ಮೆ ನೂಲಿನ ಕಾರ್ಖಾನೆ ಕೂಡ 1902ರಿಂದ ಅವರ ಕಂಪನಿ ಕೈಲೇ ಇತ್ತು. ಈತನ ಹುಚ್ಚು ಏನಂದ್ರೆ ದೇಶದಲ್ಲಿ ಎಲ್ಲೆಲ್ಲಿ ಹಳೇ ಒಳ್ಳೇ ಕಟ್ಟಡ ಹಾಳು ಬೀಳ್ತಿದೆಯೋ ಅದನ್ನ ಕೊಂಡು, ಬಿಚ್ಚಿ, ಇಲ್ಲಿಗೆ ತಂದು ಮತ್ತೆ ಜೋಡಿಸೋದು. ಕೆರೆ ದಾಟಿ ಗುಡ್ಡದ ಮೇಲೆ ಕಾಣೋ ಮೂರಂತಸ್ತಿನ ಪಗೋಡಾ 1457ರದ್ದು, ಕ್ಯೋಟೋ ಕಡೆಯ ತೋಮ್ಯೋಜಿ ಅನ್ನೋ ದೇವಸ್ಥಾನದ್ದು, 1914ರಲ್ಲಿ ಇಲ್ಲಿಗೆ ಬಂತು. ಒಳತೋಟದಲ್ಲಿರೋ ರಿನ್‌ಶುನ್‌ಕಾಕು 1649ರ ಮನೆ, ಆಗ ಜಪಾನ್ ಆಳ್ತಿದ್ದ ಟೊಕುಗಾವಾ ಮನೆತನದ ಒಂದು ಕವಲಿಂದು. ಮೊದ್ಲು ಒಳತೋಟಕ್ಕೆ ಹೋಗಿ, ಆಮೇಲೆ ಪಗೋಡಾ ಇರೋ ಗುಡ್ಡ ಹತ್ತಿ, ಯಾಕಂದ್ರೆ ಜನ ಎಲ್ಲಾ ಪಗೋಡಾ ಕಡೆಗೇ ಮೊದ್ಲು ನುಗ್ತಾರೆ.

ಬಿಡಬಾರದ್ದು ಅಂದ್ರೆ ಯಾನೊಹಾರಾ ಮನೆ. ಶಿರಕಾವಾ-ಗೋ ಕಡೆಯ ದೊಡ್ಡ ಹುಲ್ಲಿನ ಛಾವಣಿಯ ರೈತರ ಮನೆ, ಮಿಬೋರೋ ಅನ್ನೋ ಡ್ಯಾಮಿನ ನೀರಲ್ಲಿ ಊರು ಮುಳುಗೋದಿತ್ತು ಅಂತ 1960ರಲ್ಲಿ ಇಲ್ಲಿಗೆ ತಂದು ನಿಲ್ಲಿಸಿದ್ದು. ಬೇರೆ ಕಟ್ಟಡಗಳನ್ನ ಹೊರಗಿಂದ ನೋಡೋದಷ್ಟೇ, ಇದಕ್ಕೆ ಮಾತ್ರ ಚಪ್ಪಲಿ ಬಿಟ್ಟು ಒಳಗೇ ಹೋಗ್ಬಹುದು. ನಡುಮನೆಯ ಗುಂಡಿ ಒಲೆಯಲ್ಲಿ ಬೆಂಕಿ ಹಾಕಿರ್ತಾರೆ, ಆ ಹೊಗೆ ಹುಲ್ಲಿಗೆ ಹುಳ ಹತ್ತದಂಗೆ ನೋಡ್ಕೊಳುತ್ತೆ. ಶರಾವತಿ ಹಿನ್ನೀರಿನ ಕಡೆಯವರಾದ್ರೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತೇ ನಿಲ್ತೀರ.

1916ರಲ್ಲಿ ರವೀಂದ್ರನಾಥ ಟ್ಯಾಗೋರ್ ಜಪಾನಿಗೆ ಬಂದಾಗ ಉಳ್ಕೊಂಡಿದ್ದೂ ಇದೇ ಹಾರಾ ಮನೆಯ ಅತಿಥಿಯಾಗಿ. ಆಗ ತೋಟದ ಅಂಚಿಗೇ ಸಮುದ್ರ ಇತ್ತಂತೆ. ಈಗ ದಕ್ಷಿಣದ ಗೇಟ್ ಕಡೆ ಹೋಗಿ ನೋಡಿದ್ರೆ ಸಮುದ್ರಕ್ಕೆ ಮಣ್ಣು ತುಂಬಿ ಫ್ಲೈಓವರು, ಆಯಿಲ್ ಟ್ಯಾಂಕು. ಆ ಗುಡ್ಡದ ಮೇಲಿಂದ ಒಂದ್ಸಲ ಅತ್ತ ನೋಡಿ ಇತ್ತ ನೋಡಿ, ಯೊಕೊಹಾಮಾ ಅಂದ್ರೆ ಏನು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ಫೆಬ್ರವರಿಯಲ್ಲಿ ಪ್ಲಮ್ ಹೂ, ಮಾರ್ಚ್ ಕೊನೆ ಏಪ್ರಿಲ್ ಮೊದಲಲ್ಲಿ ಸಕುರಾ ಅಂದ್ರೆ ಚೆರ್ರಿ ಹೂ, ಬೇಸಿಗೆಯಲ್ಲಿ ಕೆರೆ ತುಂಬಾ ತಾವರೆ, ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದ ತನಕ ಕೆಂಪೆಲೆ. ತಾವರೆಗೆ ಬರೋರು ಬೆಳಿಗ್ಗೆ ಬೇಗ ಬರ್ಬೇಕು, ಮಧ್ಯಾಹ್ನಕ್ಕೆ ಮುಚ್ಕೊಂಡಿರುತ್ತೆ. ಚಿಕ್ಕ ಮಕ್ಕಳಿದ್ರೆ ಈ ತೋಟ ಬಿಟ್ಟು ನೇರ ಮುಂದಿನದಕ್ಕೆ ಹೋಗಿ, ಮಕ್ಕಳಿಗೆ ಹಳೇ ಮನೆ ನೋಡೋ ತಾಳ್ಮೆ ಎಲ್ಲಿರುತ್ತೆ.

11 ಗಂಟೆ ಹೊತ್ತಿಗೆ: ಯಾಮಾತೆ ಗುಡ್ಡ

ಅದೇ ಬಸ್ಸಲ್ಲಿ ವಾಪಸ್ ಮೊತೊಮಾಚಿ ಹತ್ತಿರ ಇಳೀರಿ. ಯಾಮಾತೆ ಗುಡ್ಡ ಹತ್ತೋಕೆ ಮೆಟ್ಟಿಲು ಬೇಕಾದಷ್ಟಿದೆ ಆದ್ರೆ ಹತ್ತೋ ಅವಶ್ಯಕತೆ ಇಲ್ಲ. ಮೊತೊಮಾಚಿ-ಚೂಕಾಗಾಯ್ ಸ್ಟೇಷನ್ ಕಟ್ಟಡದ ಒಳಗಿಂದಾನೇ ಲಿಫ್ಟು, ಎಸ್ಕಲೇಟರ್ ಇದೆ, ಅಮೆರಿಕಾ-ಯಾಮಾ ಪಾರ್ಕ್ ಅನ್ನೋ ಬೋರ್ಡ್ ಹಿಡ್ಕೊಂಡು ಹೋದ್ರೆ ಸ್ಟೇಷನ್ನಿನ ತಾರಸಿ ಮೇಲಿನ ಪಾರ್ಕಿಗೆ ಹೋಗಿ ಬೀಳ್ತೀರ, ಅಲ್ಲಿಂದ ಗುಡ್ಡದ ಮೇಲಕ್ಕೆ ನೇರ ದಾರಿ. ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಬಂದಿರೋರು ಇದೊಂದು ವಿಷಯ ನೆನಪಿಟ್ಕೊಳ್ಳಿ ಸಾಕು.

1859ರಲ್ಲಿ ಬಂದರನ್ನ ಹೊರದೇಶದ ವ್ಯಾಪಾರಕ್ಕೆ ತೆರೆದ ಮೇಲೆ ಬಂದ ಬಿಳಿ ವ್ಯಾಪಾರಿಗಳು ಕೆಳಗೆ ಆಫೀಸ್ ಮಾಡ್ಕೊಂಡು ಮೇಲೆ ಈ ಗುಡ್ಡದಲ್ಲಿ ಮನೆ ಕಟ್ಕೊಂಡ್ರು. ಹೊರಬಂದ ತಕ್ಷಣ ಸಿಗೋದು ವಿದೇಶಿಯರ ಸ್ಮಶಾನ, ಅದರ ಪಕ್ಕದಲ್ಲೇ ಹಾರ್ಬರ್ ವ್ಯೂ ಪಾರ್ಕ್, ಬಂದರು, ಬೇ ಬ್ರಿಡ್ಜ್ ಎಲ್ಲಾ ಕಾಣುತ್ತೆ. ಮೇ ಮತ್ತೆ ಅಕ್ಟೋಬರಲ್ಲಿ ಗುಲಾಬಿ ಚೆನ್ನಾಗಿರುತ್ತೆ. ಆಮೇಲೆ ಯಾಮಾತೆ ಹೊಂದೋರಿ ಅನ್ನೋ ಮೇನ್ ರೋಡ್ ಹಿಡ್ಕೊಂಡು ಪಶ್ಚಿಮಕ್ಕೆ ನಡೀತಾ ಹೋಗಿ. ಒಂದಾದ ಮೇಲೆ ಒಂದು ಹಳೇ ಪಾಶ್ಚಾತ್ಯ ಮನೆಗಳು, ಸಿಟಿಯವರು ನೋಡ್ಕೊಳ್ತಿರೋ ಏಳು ಮನೆಗೂ ಎಂಟ್ರಿ ಫ್ರೀ. ಎಲ್ಲಾ ನೋಡ್ಬೇಕಾಗಿಲ್ಲ, ಮೂರನೇದರ ಹೊತ್ತಿಗೆ ಒಂದೇ ಥರ ಅನ್ಸೋಕೆ ಶುರುವಾಗುತ್ತೆ. ನನ್ನ ಪ್ರಕಾರ ಎರಡು ಸಾಕು: 1930ರ ಬೆರಿಕ್ ಹಾಲ್, ಇರೋದ್ರಲ್ಲೆಲ್ಲಾ ದೊಡ್ಡದು, ಮತ್ತೆ ಕೊನೇಲಿ ಇಟಾಲಿಯನ್ ಗಾರ್ಡನಲ್ಲಿರೋ 1910ರ ಡಿಪ್ಲೊಮ್ಯಾಟ್ ಹೌಸ್. ಅದು ಮೊದ್ಲು ಟೋಕಿಯೋ ಶಿಬುಯಾದಲ್ಲಿತ್ತು, 1997ರಲ್ಲಿ ಇಲ್ಲಿಗೆ ತಂದು ನಿಲ್ಸಿದ್ರು, ಅಂದ್ರೆ ಹಾರಾನ ಚಾಳಿ ಈ ಊರಿಗೇ ಅಂಟ್ಕೊಂಡಿದೆ. ಡಿಸೆಂಬರಲ್ಲಿ ಎಲ್ಲಾ ಮನೆಗಳಿಗೂ ಕ್ರಿಸ್‌ಮಸ್ ಅಲಂಕಾರ ಇರುತ್ತೆ.

ಇಲ್ಲಿಂದ ಕೆಳಗಿಳಿದ್ರೆ ಮೊತೊಮಾಚಿ ಶಾಪಿಂಗ್ ಸ್ಟ್ರೀಟ್. ಚೆನ್ನಾಗಿದೆ, ದುಬಾರಿ ಇದೆ, ಮುಂದೆ ಹೋಗಿ.

ಊಟ: ಚೈನಾಟೌನ್, ಮತ್ತೆ ಸಸ್ಯಾಹಾರಿಗಳ ಕಷ್ಟ

ಜಪಾನಿನ ದೊಡ್ಡ ಚೈನಾಟೌನ್ ಇದೇ. ಬಿಳಿ ವ್ಯಾಪಾರಿಗಳ ಜೊತೆ ಚೀನಾದ ದಲ್ಲಾಳಿಗಳೂ ಬಂದ್ರು, ಅವರಿಗೆ ಜಪಾನೀಸ್ ಮಾತು ಬರದೇ ಇದ್ರೂ ಎರಡೂ ಕಡೆಯವರಿಗೆ ಗೊತ್ತಿದ್ದ ಚೀನೀ ಲಿಪಿ ಬರೆದು ತೋರಿಸಿ ವ್ಯವಹಾರ ಕುದುರಿಸೋಕೆ ಆಗ್ತಿತ್ತು, ಹಾಗಾಗಿ ಅವರಿಲ್ದೆ ವ್ಯಾಪಾರನೇ ನಡೀತಿರ್ಲಿಲ್ಲ. ಮ್ಯಾಪಲ್ಲಿ ನೋಡಿ, ಸುತ್ತಲಿನ ರಸ್ತೆಗಳೆಲ್ಲ ಒಂದು ದಿಕ್ಕಿಗಿದ್ರೆ ಚೈನಾಟೌನ್ ಮಾತ್ರ ಓರೆಯಾಗಿ ಕೂತಿದೆ. ಅಲ್ಲಿ ಮೊದ್ಲಿದ್ದ ಭತ್ತದ ಗದ್ದೆಯ ಬದುಗಳ ಮೇಲೇ ರಸ್ತೆ ಹಾಕಿದ್ರಿಂದ ಹಂಗಾಗಿದೆ. ಒಳಗೆ ಹೋದ್ರೆ ದಿಕ್ಕು ತಪ್ಪೋದು ಗ್ಯಾರಂಟಿ, ಬೇರೆ ಬೇರೆ ಬಣ್ಣದ ದೊಡ್ಡ ಗೇಟುಗಳನ್ನ ಗುರುತಿಟ್ಕೊಳ್ಳಿ.

ಮೊದ್ಲು ಕಾನ್‌ತೆಯ್‌ಬ್ಯೋ ದೇವಸ್ಥಾನ ನೋಡಿ. ಗುವಾನ್ ಯು ಅನ್ನೋ ವೀರನ ಗುಡಿ, ವ್ಯಾಪಾರಿಗಳ ದೇವರು. 1923ರ ಭೂಕಂಪದಲ್ಲಿ ಬಿತ್ತು, 1945ರ ಬಾಂಬ್ ದಾಳಿಯಲ್ಲಿ ಸುಟ್ಟೋಯ್ತು, 1986ರಲ್ಲಿ ಮತ್ತೆ ಬೆಂಕಿ, ಈಗಿರೋದು 1990ರದ್ದು. ಕೆತ್ತನೆ ಬಣ್ಣ ಎಲ್ಲಾ ಕಣ್ಣು ಕುಕ್ಕುತ್ತೆ.

ಈಗ ಊಟದ ವಿಷಯ. ನಾನ್‌ವೆಜ್ ತಿನ್ನೋರಿಗೆ ಸ್ವರ್ಗ, ಜಾಸ್ತಿ ಹೇಳೋದೇನಿಲ್ಲ, ಬೀದಿಲಿ ನಿಂತು ದೊಡ್ಡ ಸ್ಟೀಮ್ಡ್ ಬನ್ನು, ಸೂಪ್ ತುಂಬಿದ ಡಂಪ್ಲಿಂಗು. ಫೋಟೋ ಮೆನು ಹಿಡ್ಕೊಂಡು ಅಡ್ಡ ನಿಂತು ಕರೆಯೋ ಅನ್‌ಲಿಮಿಟೆಡ್ ಬಫೆಗಳಿಗಿಂತ ಸಂದಿಯಲ್ಲಿರೋ ಸಣ್ಣ ಹೋಟೆಲ್ ಲಂಚ್ ಸೆಟ್ ಎಷ್ಟೋ ವಾಸಿ, ಸಾವಿರ ಯೆನ್ ಆಸುಪಾಸಲ್ಲಿ ಮುಗಿಯುತ್ತೆ. ಬೀಫ್ ಪೋರ್ಕ್ ಬೇಡ ಅನ್ನೋರು ಮಾತ್ರ ಹುಷಾರು, ಇಲ್ಲಿ ಬಿಡಿಸಿ ಹೇಳದೇ ಇದ್ರೆ ಮಾಂಸ ಅಂದ್ರೆ ಬಹಳ ಸಲ ಹಂದಿನೇ, ಊರಿನ ಫೇಮಸ್ ಶೂಮಾಯ್ ಅನ್ನೋ ಡಂಪ್ಲಿಂಗ್ ಡಬ್ಬಿ ಊಟದಲ್ಲೂ ಅದೇ.

ಶುದ್ಧ ಸಸ್ಯಾಹಾರಿಗಳಿಗೆ ಹೇಳೋದು ಏನಂದ್ರೆ, ತರಕಾರಿ ಫೋಟೋ ನೋಡಿ ಮೋಸ ಹೋಗ್ಬೇಡಿ. ತರಕಾರಿ ಬನ್ನಲ್ಲೂ ಹಂದಿ ಕೊಬ್ಬು ಇರ್ಬಹುದು, ಮಾಪೊ ತೋಫು ಅಂದ್ರೆ ಕೈಮ ಹಾಕೇ ಹಾಕ್ತಾರೆ, ಜಪಾನೀಸ್ ಹೋಟೆಲಲ್ಲಿ ಉದೋನ್ ಸೋಬಾ ನೂಡಲ್ಸಿನ ಸಾರೆಲ್ಲ ದಾಶಿ ಅನ್ನೋ ಮೀನಿನ ಕಟ್ಟಿನದ್ದು. ನಿಕು ಮೊ ಸಕಾನಾ ಮೊ ತಬೆಮಾಸೆನ್ ಅಂತ ಹೇಳಿ, ಮಾಂಸನೂ ತಿನ್ನಲ್ಲ ಮೀನೂ ತಿನ್ನಲ್ಲ ಅಂತ. ಬರೀ ವೆಜಿಟೇರಿಯನ್ ಅಂದ್ರೆ ಮೇಲಿನ ಮಾಂಸ ತೆಗೆದು ಅದೇ ಸಾರು ಕೊಡೋ ಸಾಧ್ಯತೆ ಇದೆ. ಮೊಬೈಲಲ್ಲಿ ಜಪಾನೀಸಲ್ಲಿ ಬರೆದಿಟ್ಕೊಂಡು ತೋರಿಸೋದು ಇನ್ನೂ ಒಳ್ಳೇದು. ಸುಲಭ ದಾರಿ ಅಂದ್ರೆ ಇಂಡಿಯನ್ ರೆಸ್ಟೋರೆಂಟ್, ಯೊಕೊಹಾಮಾದಲ್ಲಿ ಅದಕ್ಕೇನು ಬರ ಇಲ್ಲ, ಊರ ಒಳಭಾಗದ ಮಿದೋರಿ ವಾರ್ಡಲ್ಲಿ ಭಾರತೀಯ ಕುಟುಂಬಗಳು ಜಾಸ್ತಿ ಇದಾವೆ, 2009ರಿಂದ ಅಲ್ಲೊಂದು ಇಂಡಿಯನ್ ಸ್ಕೂಲೇ ಇದೆ. ಇಲ್ಲಾಂದ್ರೆ ಬೆಳಿಗ್ಗೆ ಹೊರಡೋವಾಗ್ಲೇ ಕನ್ವೀನಿಯನ್ಸ್ ಸ್ಟೋರಿಂದ ಉಪ್ಪಲ್ಲಿ ನೆನೆಸಿದ ಪ್ಲಮ್ ಇರೋ ಅನ್ನದ ಉಂಡೆ, ಅಂದ್ರೆ ಉಮೆ ಒನಿಗಿರಿ, ಬಾಳೆಹಣ್ಣು, ಬ್ರೆಡ್ ಬ್ಯಾಗಿಗೆ ಹಾಕ್ಕೊಂಡು ಬಿಡಿ, ಯಾಮಾಶಿತಾ ಪಾರ್ಕಲ್ಲಿ ಕೂತು ತಿನ್ನಿ. ಕಸದ ಡಬ್ಬಿ ಎಲ್ಲೂ ಸಿಗಲ್ಲ, ಒಂದು ಖಾಲಿ ಕವರ್ ಇಟ್ಕೊಂಡಿರಿ. ಹದ್ದು ಮೇಲೆ ಸುತ್ತುತ್ತಿರುತ್ತೆ, ಕೈಯಲ್ಲಿರೋ ತಿಂಡಿ ಮೇಲೆ ಕಣ್ಣಿರ್ಲಿ.

ಚೈನಾಟೌನ್ ರಸ್ತೆಯಲ್ಲಿ ಹುರಿದ ಚೆಸ್ಟ್‌ನಟ್ ಮಾರೋರು ಸ್ಯಾಂಪಲ್ ಕೈಗಿಟ್ಟು ಮಾತಿಗೆಳೀತಾರೆ. ಬೇಡ ಅಂದ್ರೆ ಕೈಗೇ ತಗೋಬೇಡಿ.

ಮಧ್ಯಾಹ್ನ: ಯಾಮಾಶಿತಾ ಪಾರ್ಕ್‌ನ ಇಂಡಿಯನ್ ಗುಮ್ಮಟ

ಚೈನಾಟೌನಿಂದ ಐದು ನಿಮಿಷ ನಡೆದ್ರೆ ಸಮುದ್ರದ ದಂಡೆ. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದಲ್ಲಿ ಯೊಕೊಹಾಮಾ ನೆಲಸಮ ಆಯ್ತಲ್ಲ, ಆ ಬಿದ್ದ ಕಟ್ಟಡಗಳ ಇಟ್ಟಿಗೆ ಕಲ್ಲು ಎಲ್ಲಾ ಸಮುದ್ರಕ್ಕೆ ತುಂಬಿ ಅದರ ಮೇಲೆ ಮಾಡಿದ್ದು ಈ ಪಾರ್ಕ್, 1930ರಲ್ಲಿ ತೆಗೆದ್ರು. ಈಗ ಜನ ಹುಲ್ಲು ಮೇಲೆ ಮಲಗಿರೋದು ಹಳೇ ಊರಿನ ಮೇಲೇ.

ಪಾರ್ಕಿನ ಒಂದು ತುದಿಯಲ್ಲಿ ಗುಮ್ಮಟ ಇರೋ ಒಂದು ಸಣ್ಣ ಮಂಟಪ ಇದೆ, ನಮ್ಮ ಕಡೆ ಶೈಲಿ, ಒಳಗೆ ತಲೆ ಎತ್ತಿದ್ರೆ ಚೆಂದದ ಮೊಸಾಯಿಕ್. ಬಹಳ ಜನ ಟಾಯ್ಲೆಟ್ ಇರ್ಬೇಕು ಅಂತ ದಾಟಿ ಹೋಗ್ತಾರೆ. ಅದು ಇಂಡಿಯನ್ ವಾಟರ್ ಟವರ್. ಆ ಕಾಲಕ್ಕೆ ಇಲ್ಲಿ ರೇಷ್ಮೆ ವ್ಯಾಪಾರ ಮಾಡ್ತಿದ್ದ ಭಾರತೀಯರಿದ್ರು, ಹೆಚ್ಚಿನವರು ಸಿಂಧಿಗಳು. ಭೂಕಂಪದಲ್ಲಿ ಅವರಲ್ಲೂ ಸತ್ತರು, ಉಳಿದವರು ಕೋಬೆಗೆ ಹೋದ್ರು. ಇವರು ವಾಪಸ್ ಬರ್ದೇ ಇದ್ರೆ ರೇಷ್ಮೆ ವ್ಯಾಪಾರ ಪೂರ್ತಿ ಕೋಬೆ ಪಾಲಾಗುತ್ತೆ ಅಂತ ಯೊಕೊಹಾಮಾದವರು ಅವರಿಗೆ ಮನೆ ಅಂಗಡಿ ಕಟ್ಸಿಕೊಟ್ಟು ಕರೆಸ್ಕೊಂಡ್ರು. ಅದಕ್ಕೆ ಥ್ಯಾಂಕ್ಸ್ ಅಂತ, ಸತ್ತವರ ನೆನಪಿಗೆ ಅಂತ ಭಾರತೀಯರು 1930ರ ದಶಕದ ಕೊನೆಯಲ್ಲಿ ಊರಿಗೆ ಕೊಟ್ಟಿದ್ದು ಈ ಮಂಟಪ. ಈಗ್ಲೂ ಸೆಪ್ಟೆಂಬರ್ 1ಕ್ಕೆ ಇಲ್ಲಿ ಸೇರ್ತಾರೆ. ನಮ್ಮವರು ಜಪಾನ್ ಟ್ರಿಪ್ಪಲ್ಲಿ ನೂರು ಫೋಟೋ ತೆಗಿತಾರೆ, ಇದರದ್ದೊಂದು ಇರಲ್ಲ ಅಂದ್ರೆ ನನಗೆ ಸ್ವಲ್ಪ ಬೇಜಾರೇ.

ಮುಂದೆ ಕಟ್ಟಿ ನಿಲ್ಸಿರೋ ಹಡಗು ಹಿಕಾವಾ ಮಾರು, 1930ರದ್ದು. ಯೊಕೊಹಾಮಾದಿಂದ ಸಿಯಾಟಲ್‌ಗೆ ಓಡಾಡ್ತಿತ್ತು, 1932ರಲ್ಲಿ ಚಾರ್ಲಿ ಚಾಪ್ಲಿನ್ ಕೂಡ ಇದರಲ್ಲಿ ಹೋಗಿದಾರೆ. ಯುದ್ಧದಲ್ಲಿ ಆಸ್ಪತ್ರೆ ಹಡಗಾಗಿ ಮೈನ್‌ಗೆ ಡಿಕ್ಕಿ ಹೊಡೆದ್ರೂ ಮುಳುಗ್ಲಿಲ್ಲ. 300 ಯೆನ್ ಕೊಟ್ರೆ ಫಸ್ಟ್ ಕ್ಲಾಸ್ ಡೈನಿಂಗ್ ರೂಮಿಂದ ಕೆಳಗೆ ಇಂಜಿನ್ ರೂಮ್ ತನಕ ನೋಡ್ಬಹುದು, ಈ ಊರಲ್ಲಿ ದುಡ್ಡಿಗೆ ಇಷ್ಟು ಬೆಲೆ ಸಿಗೋ ಇನ್ನೊಂದು ಜಾಗ ಇಲ್ಲ. ಫಸ್ಟ್ ಕ್ಲಾಸ್ ರೂಮಿಗೂ ಥರ್ಡ್ ಕ್ಲಾಸ್ ಬಂಕಿಗೂ ಇರೋ ವ್ಯತ್ಯಾಸ ಮಾತ್ರ ನೋಡ್ಲೇಬೇಕು.

ಪಾರ್ಕಿನ ಹತ್ತಿರಾನೇ ಸಿಲ್ಕ್ ಮ್ಯೂಸಿಯಂ. ಮೈಸೂರು, ರಾಮನಗರ, ಶಿಡ್ಲಘಟ್ಟ ಕಡೆಯವರಿಗೆ ಇದು ಮನೆ ವಿಷಯ. ಗೂಡಿಂದ ನೂಲು ತೆಗೆಯೋದು, ಹಳೇ ಯಂತ್ರ, ಕಿಮೋನೋ. ಹಿಪ್ಪುನೇರಳೆ ತೋಟ ನೋಡಿ ಬೆಳೆದವರಿಗೆ ಮೊದಲ ಮಹಡಿ ಬೇಗ ಮುಗಿಯುತ್ತೆ, ಬಟ್ಟೆ ಇರೋ ಕಡೆ ಟೈಮ್ ಕೊಡಿ. ಜೆಮ್‌ಷೆಟ್‌ಜಿ ಟಾಟಾ ಬೆಂಗಳೂರಲ್ಲಿ ರೇಷ್ಮೆ ಫಾರ್ಮ್ ಶುರು ಮಾಡ್ದಾಗ ಕೆಲಸ ಕಲಿಸೋಕೆ ಕರೆಸಿದ್ದು ಜಪಾನಿನವರನ್ನೇ, ನೂರು ವರ್ಷ ಆದ್ಮೇಲೆ ನಮ್ಮ ಬೈವೋಲ್ಟೀನ್ ಅನ್ನೋ ರೇಷ್ಮೆ ತಳಿಯ ಗೂಡಿನ ಪ್ರಾಜೆಕ್ಟಿಗೂ ಜಪಾನಿನ ನೆರವೇ ಇತ್ತು.

ಟಾಟಾ ಹೆಸರು ಬಂತು ಅಂತ ಹೇಳ್ತೀನಿ. 1893ರ ಜುಲೈಯಲ್ಲಿ ಸ್ವಾಮಿ ವಿವೇಕಾನಂದರು ಚಿಕಾಗೋಗೆ ಹೋಗೋ ದಾರಿಯಲ್ಲಿ ಇದೇ ಯೊಕೊಹಾಮಾದಲ್ಲಿ ಇಳಿದು, ಇಲ್ಲಿಂದ ಮದ್ರಾಸಿನ ಶಿಷ್ಯರಿಗೆ ಕಾಗದ ಬರೆದು, ಎಂಪ್ರೆಸ್ ಆಫ್ ಇಂಡಿಯಾ ಹಡಗಲ್ಲಿ ವ್ಯಾಂಕೂವರ್‌ಗೆ ಹೊರಟ್ರು. ಆ ಪ್ರಯಾಣದಲ್ಲಿ ಟಾಟಾ ಜೊತೆಗಿದ್ರು. ಐದು ವರ್ಷ ಆದ್ಮೇಲೆ ಟಾಟಾ ಒಂದು ಸಂಶೋಧನಾ ಸಂಸ್ಥೆ ಮಾಡೋ ಯೋಚನೆ ಹೇಳ್ಕೊಂಡು ವಿವೇಕಾನಂದರಿಗೆ ಬರೆದ ಕಾಗದದಲ್ಲಿ ಜಪಾನಿಂದ ಒಟ್ಟಿಗೆ ಹೋಗಿದ್ದನ್ನ ನೆನೆಸ್ಕೊಳ್ತಾರೆ, ಆ ಸಂಸ್ಥೆ ಆಮೇಲೆ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1909ರಲ್ಲಿ ಶುರುವಾಯ್ತು, ನಮ್ಮ ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟ್. ಇದಕ್ಕೆ ಇಲ್ಲಿ ಬೋರ್ಡು ಗೀರ್ಡು ಹುಡುಕ್ಕೊಂಡು ಹೋಗ್ಬೇಡಿ, ಬಂದರು ನೋಡೋವಾಗ ನೆನಪಿರ್ಲಿ ಅಂತ ಅಷ್ಟೇ.

ಸೂರ್ಯ ಮುಳುಗೋ ಮುಂಚೆ: ಒಸಾನ್‌ಬಾಶಿ

ಇದು ಇಡೀ ದಿನದ ಮುಖ್ಯ ಭಾಗ, ಹಾಗಾಗಿ ಉಳಿದಿದ್ದು ಬೇಕಾದ್ರೆ ಕಟ್ ಮಾಡಿ ಇದನ್ನ ಬಿಡಬೇಡಿ. ಡಿಸೆಂಬರಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತೆ, ಜೂನಲ್ಲಿ 7 ಆಗುತ್ತೆ. ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಬಂದ್ಬಿಡಿ.

ಒಸಾನ್‌ಬಾಶಿ ಅಂದ್ರೆ ಸಮುದ್ರದೊಳಗೆ ಚಾಚ್ಕೊಂಡಿರೋ ಕ್ರೂಸ್ ಹಡಗುಗಳ ಟರ್ಮಿನಲ್. ಹಳೇ ಕಟ್ಟೆ 1894ರದ್ದು, ಈಗಿನ ಕಟ್ಟಡ 2002ರದ್ದು. ಮೇಲ್ಛಾವಣಿ ಪೂರ್ತಿ ಮರದ ಹಲಗೆ, ಮೆಟ್ಟಿಲೇ ಇಲ್ದಂಗೆ ನೆಲ ಹಾಗೇ ಏರ್ತಾ ಇಳೀತಾ ಹೋಗುತ್ತೆ, ಮಧ್ಯ ಮಧ್ಯ ಹುಲ್ಲು. 24 ಗಂಟೆ ತೆಗೆದಿರುತ್ತೆ, ಒಂದು ಯೆನ್ ಕೊಡ್ಬೇಕಿಲ್ಲ. ತುದಿಗೆ ಹೋಗಿ ವಾಪಸ್ ತಿರುಗಿ ನಿಂತ್ರೆ ಎಡಕ್ಕೆ ಹಳೇ ಊರು, ಬಲಕ್ಕೆ ಮಿನಾತೊಮಿರಾಯ್ ಗೋಪುರಗಳು, ಅದರ ಹಿಂದೆ ಸೂರ್ಯ ಇಳೀತಿರುತ್ತೆ, ಚಳಿಗಾಲದಲ್ಲಿ ಗಾಳಿ ಶುದ್ಧವಾಗಿದ್ರೆ ಫುಜಿ ಕೂಡ ಕಾಣ್ಬಹುದು. ದುಡ್ಡು ಕೊಟ್ಟು ಹತ್ತೋ ಯಾವ ಟವರೂ ಇದಕ್ಕಿಂತ ಜಾಸ್ತಿ ಕೊಡಲ್ಲ ಅನ್ನೋದು ನನ್ನ ಅಭಿಪ್ರಾಯ. ಗಾಳಿ ಮಾತ್ರ ಜೋರು, ಜಾಕೆಟ್ ಇರ್ಲಿ.

ಇಲ್ಲಿಂದ ಮಕ್ಕಳಿಗೆ ಒಂದು ಆಟ ಕೊಡ್ಬಹುದು. ಊರಿನ ಮೂರು ಹಳೇ ಗೋಪುರಗಳಿಗೆ ಇಸ್ಪೀಟ್ ಎಲೆ ಹೆಸರಿಟ್ಟಿದಾರೆ: ಪ್ರಿಫೆಕ್ಚರ್ ಆಫೀಸು ಕಿಂಗ್, ಕಸ್ಟಮ್ಸ್ ಕಟ್ಟಡ ಕ್ವೀನ್, ಬಂದರು ತೆಗೆದ ನೆನಪಿನ ಹಾಲ್ ಜ್ಯಾಕ್. ಮೂರೂ ಒಟ್ಟಿಗೆ ಕಾಣೋ ಜಾಗಗಳು ಕೆಲವೇ ಇದಾವೆ, ಒಸಾನ್‌ಬಾಶಿ ಅದರಲ್ಲಿ ಒಂದು, ಹುಡುಕಿದ್ರೆ ಅಂದ್ಕೊಂಡಿದ್ದು ಆಗುತ್ತೆ ಅನ್ನೋ ನಂಬಿಕೆ.

ಟೈಮ್ ಇದ್ರೆ ಪಕ್ಕದಲ್ಲೇ ಊರಿನ ಇತಿಹಾಸದ ಆರ್ಕೈವ್ಸ್ ಇದೆ, ಹಳೇ ಬ್ರಿಟಿಷ್ ಕಾನ್ಸುಲೇಟ್ ಕಟ್ಟಡ. ಅಂಗಳದಲ್ಲಿರೋ ಮರದ ಹತ್ತಿರಾನೇ 1854ರಲ್ಲಿ ಅಮೆರಿಕಾದ ನೌಕಾಪಡೆಯ ಪೆರಿ ಜೊತೆ ಜಪಾನಿನ ಒಪ್ಪಂದ ಆಗಿದ್ದು. 1923ರಲ್ಲಿ ಸುಟ್ಟೋಗಿ ಬುಡದಿಂದ ಮತ್ತೆ ಚಿಗುರಿದ ಮರ.

ಕತ್ತಲಾದ್ಮೇಲೆ: ಕೆಂಪು ಗೋದಾಮು, ಹಳಿ ದಾರಿ, ಲೈಟು

ದಂಡೆ ಹಿಡ್ಕೊಂಡೇ ಹತ್ತು ಹದಿನೈದು ನಿಮಿಷ ನಡೆದ್ರೆ ರೆಡ್ ಬ್ರಿಕ್ ವೇರ್‌ಹೌಸ್, 1911 ಮತ್ತೆ 1913ರ ಕಸ್ಟಮ್ಸ್ ಗೋದಾಮುಗಳು, 2002ರಿಂದ ಅಂಗಡಿ ಹೋಟೆಲ್. ಹೊರಗಿಂದ ಲೈಟ್ ಹಾಕಿದಾಗ ಇಟ್ಟಿಗೆ ಗೋಡೆ ಸಖತ್ತಾಗಿ ಕಾಣುತ್ತೆ, ಒಳಗೆ ಸಾಮಾನು ದುಬಾರಿ. ಡಿಸೆಂಬರಲ್ಲಿ ಮುಂದಿನ ಮೈದಾನದಲ್ಲಿ ಕ್ರಿಸ್‌ಮಸ್ ಮಾರ್ಕೆಟ್ ಹಾಕ್ತಾರೆ, ರಶ್ಶೋ ರಶ್ಶು.

ಕಪ್ ನೂಡಲ್ಸ್ ಮ್ಯೂಸಿಯಂ ಹತ್ತಿರಾನೇ, ಆದ್ರೆ ಅದು ಸಂಜೆಗೆ ಮುಚ್ಚುತ್ತೆ ಮತ್ತೆ ಸ್ವಂತ ಕಪ್ ಮಾಡೋ ಟಿಕೆಟ್ ರಜೆ ದಿನ ಬೇಗ ಖಾಲಿ. ಮಕ್ಕಳಿಗೋಸ್ಕರ ಅದೇ ಬೇಕು ಅಂದ್ರೆ ಸಾಂಕೆಯೆನ್ ಬಿಟ್ಟು ಬೆಳಿಗ್ಗೆ ಅದನ್ನ ಮುಗಿಸ್ಕೊಂಡು ಆಮೇಲೆ ಗುಡ್ಡಕ್ಕೆ ಹೋಗಿ. ಸಸ್ಯಾಹಾರಿಗಳು ಕಪ್ ಮೇಲೆ ಚಿತ್ರ ಬರೆದು ಖುಷಿ ಪಡ್ಬಹುದು, ಒಳಗಿನದ್ದು ತಿನ್ನೋಕಾಗಲ್ಲ.

ಜೈಂಟ್ ವೀಲ್ ಹೆಸರು ಕಾಸ್ಮೋ ಕ್ಲಾಕ್, 112.5 ಮೀಟರ್ ಎತ್ತರ, ಮಧ್ಯದಲ್ಲಿ ದೊಡ್ಡ ಡಿಜಿಟಲ್ ಗಡಿಯಾರ. ಒಂದು ಸುತ್ತಿಗೆ 15 ನಿಮಿಷ, ಸಾವಿರ ಯೆನ್ ಹತ್ತಿರ. ಅಮ್ಯೂಸ್‌ಮೆಂಟ್ ಪಾರ್ಕಿಗೆ ಎಂಟ್ರಿ ಫ್ರೀ, ಆಡಿದ್ದಕ್ಕೆ ಮಾತ್ರ ದುಡ್ಡು. ರಾತ್ರಿ ಹತ್ತಿದ್ರೆ ಸಾರ್ಥಕ, ಹಗಲು ಅಷ್ಟಕ್ಕಷ್ಟೆ. ಏರ್ ಕ್ಯಾಬಿನ್ ಅಂತ ರೋಪ್‌ವೇ ಇದೆ, 2021ರಲ್ಲಿ ಶುರುವಾಗಿದ್ದು, 630 ಮೀಟರಿಗೆ ಐದು ನಿಮಿಷ, ಒಂದು ಸಲಕ್ಕೆ ಸಾವಿರ ಯೆನ್. ಅದರ ಬದಲು ಕೆಳಗೆ ಕಿಶಾಮಿಚಿ ಅನ್ನೋ ಹಳೇ ಗೂಡ್ಸ್ ರೈಲಿನ ದಾರಿ ಇದೆ, ಹಳಿ ಇನ್ನೂ ನೆಲದಲ್ಲಿದೆ, ಹಳೇ ಕಬ್ಬಿಣದ ಸೇತುವೆ ದಾಟ್ಕೊಂಡು ನೀರಿನ ಮಧ್ಯ ನಡೀತಾ ಹೋದ್ರೆ ಎರಡೂ ಕಡೆ ಲೈಟು, ಅದೇ ಸಕುರಾಗಿಚೋ ಸ್ಟೇಷನ್ನಿಗೆ ಕರ್ಕೊಂಡು ಹೋಗುತ್ತೆ, ಪುಕ್ಸಟ್ಟೆ. ಕಾಲು ನೋವಿರೋರು ಮಾತ್ರ ರೋಪ್‌ವೇ ತಗೊಳ್ಳಿ.

ದಾರಿ ಮುಗಿಯೋ ಕಡೆ ನಿಪ್ಪೊನ್ ಮಾರು ಅನ್ನೋ ಹಾಯಿ ಹಡಗು ಕಾಣುತ್ತೆ, ಇದೂ 1930ರದ್ದೇ. ಅದು ನಿಂತಿರೋದು ಹಳೇ ಹಡಗು ರಿಪೇರಿ ಡಾಕಲ್ಲಿ. ಇಲ್ಲೆಲ್ಲ ಮೊದ್ಲು ಶಿಪ್‌ಯಾರ್ಡ್ ಇತ್ತು, ಇನ್ನೊಂದು ಡಾಕು 296 ಮೀಟರ್ ಎತ್ತರದ ಲ್ಯಾಂಡ್‌ಮಾರ್ಕ್ ಟವರ್ ಕಾಲಬುಡದಲ್ಲೇ ಕಲ್ಲಿನ ಗುಂಡಿಯಾಗಿ ಉಳ್ಕೊಂಡಿದೆ, ಕೆಳಗಿಳಿದು ನೋಡೋಕೆ ದುಡ್ಡಿಲ್ಲ.

ಮಳೆ ಬಂದ್ರೆ

ಜೂನ್ ಮೊದಲಿಂದ ಜುಲೈ ಮಧ್ಯದ ತನಕ ಮಳೆಗಾಲ, ಸೆಪ್ಟೆಂಬರಲ್ಲಿ ಟೈಫೂನ್. ಅಂಥ ದಿನ ಸಾಂಕೆಯೆನ್ ಮತ್ತೆ ಒಸಾನ್‌ಬಾಶಿ ಮೇಲ್ಛಾವಣಿ ಬಿಟ್ಟು, ಹಿಕಾವಾ ಮಾರು, ಸಿಲ್ಕ್ ಮ್ಯೂಸಿಯಂ, ಯಾಮಾತೆ ಮನೆ ಒಂದೆರಡು, ಚೈನಾಟೌನ್ ಇಷ್ಟು ಮಾಡಿ. ಮರದ ಹಲಗೆ ಒದ್ದೆಯಾದ್ರೆ ಜಾರುತ್ತೆ, ಅದೂ ಒಂದು ಕಾರಣ. ನಡುವೆ ಮಿನಾತೊಮಿರಾಯ್ ಲೈನ್ ಇರೋದ್ರಿಂದ ಸ್ಟೇಷನ್ ಸ್ಟೇಷನ್ನಿಗೆ ಹಾರ್ಕೊಂಡು ಹೋಗ್ಬಹುದು, ಹೆಚ್ಚು ನೆನೆಯಲ್ಲ.

ವಾಪಸ್ ಹೋಗೋವಾಗ ಟೋಕಿಯೋ, ಶಿನಗಾವಾ ಕಡೆಯವರು ಸಕುರಾಗಿಚೋದಲ್ಲಿ ಜೆಆರ್ ಹತ್ತಿ ಯೊಕೊಹಾಮಾದಲ್ಲಿ ತೊಕಾಯ್ದೋಗೆ ಬದಲಾಯಿಸಿ, ಅದೇ ನೆಗಿಶಿ-ಕೆಯ್‌ಹಿನ್ ತೊಹೊಕು ಟ್ರೈನಲ್ಲೇ ಕೂತಿದ್ರೆ ಎಲ್ಲಾ ಸ್ಟಾಪಲ್ಲೂ ನಿಂತು ನಿಂತು ಹೋಗುತ್ತೆ. ಶಿಬುಯಾ, ಶಿಂಜುಕು ಕಡೆಯವರು ಮಿನಾತೊಮಿರಾಯ್ ಸ್ಟೇಷನ್ನಿಂದ ನೇರ ಟ್ರೈನ್ ನೋಡ್ಕೊಳ್ಳಿ, ಬೋರ್ಡಲ್ಲಿ ಎಕ್ಸ್‌ಪ್ರೆಸ್ಸಾ ಲೋಕಲ್ಲಾ ಅಂತ ಓದ್ಕೊಂಡು ಹತ್ತಿ, ಲೋಕಲ್ ಹತ್ತಿದ್ರೆ ಹೆಚ್ಚು ಹೊತ್ತು ಹಿಡಿಯುತ್ತೆ. ಸಂಜೆ ಆಫೀಸ್ ಬಿಡೋ ಟೈಮಲ್ಲಿ ಟೋಕಿಯೋ ಕಡೆ ಹೋಗೋ ಟ್ರೈನಿಗಿಂತ ಟೋಕಿಯೋದಿಂದ ಬರೋದೇ ಜಾಸ್ತಿ ತುಂಬಿರುತ್ತೆ, ಹಾಗಾಗಿ ಏಳೆಂಟು ಗಂಟೆಗೆ ಹೊರಟ್ರೂ ಸೀಟ್ ಸಿಗೋ ಚಾನ್ಸ್ ಇದೆ.